ಆಫೀಸ್ ಫೋಲ್ಡರ್ ಬ್ಯಾಗಿಗೆ ಹಾಕಿಕೊಂಡು ಜಗಳೂರಿಗೆ: ವಿಂಡೋಸ್ ಆಫ್‌ಲೈನ್ ಫೈಲ್ಸ್ ಒಂದು ವರ್ಷ ಬಳಸಿದ ಮೇಲೆ

ಇದು ಅಂಗಡಿಯಿಂದ ಕೊಂಡು ತಂದ ಸಾಮಾನಿನ ವಿಮರ್ಶೆ ಅಲ್ಲ. ವಿಂಡೋಸ್ ಒಳಗೇ ಎಷ್ಟೋ ವರ್ಷದಿಂದ ಸುಮ್ನೆ ಬಿದ್ದಿರುವ ಒಂದು ಸೌಲಭ್ಯದ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಆಫ್‌ಲೈನ್ ಫೈಲ್ಸ್. ವಿಂಡೋಸ್ 2000 ಕಾಲದಿಂದ ಇದೆ. ಆಫೀಸಿನ ನೆಟ್‌ವರ್ಕ್ ಫೋಲ್ಡರ್‌ನಲ್ಲಿರುವ ಫೈಲುಗಳ ಒಂದೊಂದು ಪ್ರತಿಯನ್ನು ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಳ್ಳುತ್ತದೆ, ನೆಟ್‌ವರ್ಕ್ ಇಲ್ಲದ ಕಡೆ ಆ ಪ್ರತಿಯನ್ನೇ ತೆರೆದು ಕೊಡುತ್ತದೆ, ವಾಪಸ್ ಆಫೀಸಿಗೆ ಬಂದಾಗ ಎರಡೂ ಕಡೆ ಸರಿಮಾಡುತ್ತದೆ, ಇದಕ್ಕೇ ಸಿಂಕ್ ಅನ್ನೋದು. ಒಂದು ವರ್ಷಕ್ಕಿಂತ ಸ್ವಲ್ಪ ಜಾಸ್ತಿಯೇ ಬಳಸಿದ್ದೇನೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ಕಳೆದ ಒಂದೂವರೆಯಲ್ಲಿ ಅರ್ಧ ನನ್ನ ತಪ್ಪಿಗೆ ಸೇರಬೇಕು, ಅದನ್ನೂ ಹೇಳುತ್ತೇನೆ.

ನಮ್ಮದು ದಾವಣಗೆರೆ ವಿದ್ಯಾನಗರದಲ್ಲಿ ಒಂದು ಚಿಕ್ಕ ಸಿವಿಲ್ ಆಫೀಸ್. ಮನೆ ಪ್ಲಾನ್, ಎಸ್ಟಿಮೇಟ್, ಕಟ್ಟಡ ಏಳುವಾಗ ಉಸ್ತುವಾರಿ. ನಾನು, ಡ್ರಾಯಿಂಗ್ ಮಾಡುವ ಮೇಡಂ, ಸೈಟ್ ನೋಡಿಕೊಳ್ಳುವ ಹುಡುಗ, ಇಷ್ಟೇ ಜನ. ಸರ್ವರ್ ಅನ್ನುವಂಥ ದೊಡ್ಡ ಹೆಸರಿನದ್ದೇನೂ ನಮ್ಮಲ್ಲಿಲ್ಲ. ಮೂಲೆಯಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಇದೆ, ಅದರ ತಲೆ ಮೇಲೆ ದೇವರ ಫೋಟೊ, ಅದರೊಳಗೆ ಶೇರ್ ಮಾಡಿದ ಒಂದು ಫೋಲ್ಡರ್. ಎಲ್ಲರ ಕಂಪ್ಯೂಟರ್‌ನಲ್ಲೂ ಅದು ಝಡ್ ಡ್ರೈವ್ ಅಂತ ಕಾಣುತ್ತದೆ. ಮಾಮೂಲಿ ವಿಂಡೋಸ್ ಪಿಸಿಯಿಂದ ಶೇರ್ ಮಾಡಿದರೆ ಒಂದೇ ಸಲಕ್ಕೆ 20 ಸಂಪರ್ಕ ಮಾತ್ರ ಸಿಗುತ್ತದೆ, ಆದರೆ ಮೂರು ಜನರಿಗೆ ಇಪ್ಪತ್ತು ಧಾರಾಳ.

ತೊಂದರೆ ಇರೋದು ಊರಿನ ಹೊರಗೆ. ಜಗಳೂರು ತಾಲೂಕಿನಲ್ಲಿ ಮೆಕ್ಕೆಜೋಳ ಇಡುವ ಗೋಡೌನ್ ಒಂದು, ಚನ್ನಗಿರಿ ಕಡೆ ಅಡಿಕೆ ಸುಲಿಯುವ ಶೆಡ್ ಒಂದು, ಸಂತೇಬೆನ್ನೂರಿನಲ್ಲಿ ಮನೆ ಒಂದು. ಗೋಡೌನ್ ಸೈಟ್‌ನಲ್ಲಿ ಮೊಬೈಲ್ ಸಿಗ್ನಲ್ ಬೇಕು ಅಂದರೆ ಜಲ್ಲಿ ರಾಶಿ ಹತ್ತಿ ನಿಲ್ಲಬೇಕು. ಅಲ್ಲಿ ನಿಂತು ಕ್ಲೌಡ್‌ನಿಂದ ಡ್ರಾಯಿಂಗ್ ಇಳಿಸಿಕೊಳ್ಳೋದು ಆಗದ ಮಾತು.

ಮೊದಲು ಏನು ಮಾಡುತ್ತಿದ್ದೆವು? ಪೆನ್‌ಡ್ರೈವ್. ಬೆಳಿಗ್ಗೆ ಫೈಲ್ ಹಾಕಿಕೊಂಡು ಹೋಗೋದು, ಸೈಟ್‌ನಲ್ಲಿ ತಿದ್ದೋದು, ಸಂಜೆ ತಂದು ಝಡ್ ಡ್ರೈವ್‌ಗೆ ಹಾಕೋದು, ಹಾಕೋದು ಮರೆಯೋದು. ಆರು ತಿಂಗಳಲ್ಲಿ ನಮ್ಮ ಫೋಲ್ಡರ್ ನೋಡಿದರೆ ನಗು ಬರುವ ಹಾಗಿತ್ತು. ಗೋಡೌನ್ ಫೈನಲ್, ಗೋಡೌನ್ ಫೈನಲ್ 2, ಗೋಡೌನ್ ಗೌಡ್ರು ಒಪ್ಪಿದ್ದು, ಗೋಡೌನ್ ಗೌಡ್ರು ಒಪ್ಪಿದ್ದು ಹೊಸದು. ಇದರಲ್ಲಿ ಗೌಡ್ರು ನಿಜವಾಗಿ ಒಪ್ಪಿದ್ದು ಯಾವುದು ಅನ್ನೋದು ಗೌಡ್ರಿಗೂ ಗೊತ್ತಿರಲಿಲ್ಲ.

ಇನ್ನೊಂದು ಕಾಟ ಡ್ರಾಯಿಂಗ್ ಮಾಡುವ ಆಟೋಕ್ಯಾಡ್ ಬಳಸುವವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಒಂದು ಡ್ರಾಯಿಂಗ್ ಒಳಗೆ ಇನ್ನೊಂದನ್ನು ಎಕ್ಸ್‌ರೆಫ್ ಆಗಿ ಜೋಡಿಸಿರುತ್ತೇವೆ, ಕಾಲಂ ಲೇಔಟ್ ಒಂದು ಫೈಲ್, ಅದರ ಮೇಲೆ ಗೋಡೆ ಒಂದು ಫೈಲ್. ನಮ್ಮ ಹಳೇ ಡ್ರಾಯಿಂಗ್‌ಗಳಲ್ಲಿ ಆ ಜೋಡಣೆ ಪೂರ್ತಿ ದಾರಿಯ ಸಮೇತ ಕೂತಿದೆ, ಅಂದರೆ ಝಡ್ ಡ್ರೈವ್, ಇಂಥ ಫೋಲ್ಡರ್, ಇಂಥ ಫೈಲ್ ಅಂತ. ಪೆನ್‌ಡ್ರೈವ್‌ಗೆ ಹಾಕಿದ ಕೂಡಲೇ ಆ ದಾರಿ ತಪ್ಪುತ್ತದೆ. ಸೈಟ್‌ನಲ್ಲಿ ತೆರೆದರೆ ಗೋಡೆ ಇದೆ, ಕಾಲಂ ಮಾಯ. ಎಕ್ಸೆಲ್‌ನಲ್ಲೂ ಅದೇ ಗೋಳು. ಎಸ್ಟಿಮೇಟ್ ಶೀಟ್ ರೇಟ್ ಶೀಟ್‌ನಿಂದ ಅಂಕಿ ಎಳೆದುಕೊಳ್ಳುತ್ತಿದ್ದರೆ ಲಿಂಕ್ ಸಿಗಲಿಲ್ಲ ಅಂತ ಗೊಣಗುತ್ತದೆ.

ಆಫ್‌ಲೈನ್ ಫೈಲ್ಸ್ ನನಗೆ ಇಷ್ಟವಾಗಿದ್ದು ಇಲ್ಲೇ. ಅದು ಫೈಲನ್ನು ನಕಲು ಮಾಡಿ ಬೇರೆ ಜಾಗದಲ್ಲಿ ತೋರಿಸೋದಿಲ್ಲ. ಪ್ರತಿ ನಿಜವಾಗಿ ಕೂತಿರೋದು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗೆ ಸಿಎಸ್‌ಸಿ ಅನ್ನುವ ಜಾಗದಲ್ಲಿ, ಅಲ್ಲಿಗೆ ಕೈ ಹಾಕಲು ನಮಗೆ ಬಿಡೋದೂ ಇಲ್ಲ, ಹಾಕಲೂ ಬಾರದು. ನಮಗೆ ಕಾಣೋದು ಮಾತ್ರ ಅದೇ ಝಡ್ ಡ್ರೈವ್, ಅದೇ ಫೋಲ್ಡರ್, ಅದೇ ಹೆಸರು. ಆಫೀಸಿನಲ್ಲಿ ಕೂತಿದ್ದರೂ ಅದೇ ದಾರಿ, ಜಲ್ಲಿ ರಾಶಿ ಪಕ್ಕ ಕೂತಿದ್ದರೂ ಅದೇ ದಾರಿ. ಹಾಗಾಗಿ ಎಕ್ಸ್‌ರೆಫ್ ಕಳಚಿಕೊಳ್ಳೋದಿಲ್ಲ, ಎಕ್ಸೆಲ್ ಲಿಂಕ್ ಹರಿಯೋದಿಲ್ಲ, ಆಟೋಕ್ಯಾಡ್‌ಗೆ ತಾನು ಊರು ಬಿಟ್ಟು ಬಂದಿದ್ದೇ ಗೊತ್ತಾಗೋದಿಲ್ಲ.

ಒಂದು ಮಾತು: ಫಾಂಟ್ ಈ ಲೆಕ್ಕಕ್ಕೆ ಬರೋದಿಲ್ಲ. ಫಾಂಟ್ ಇರೋದು ಶೇರ್ ಫೋಲ್ಡರ್‌ನಲ್ಲಿ ಅಲ್ಲ, ಆಯಾ ಕಂಪ್ಯೂಟರ್‌ನಲ್ಲಿ. ಮೊದಲನೇ ವಾರ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದ ಒಂದು ಒಪ್ಪಂದ ಪತ್ರ ಸೈಟ್‌ನಲ್ಲಿ ತೆರೆದು ನೋಡಿದರೆ ಬರೀ ಇಂಗ್ಲಿಷ್ ಅಕ್ಷರದ ಚಿತ್ರಾನ್ನ. ಸಿಂಕ್ ಕೈಕೊಟ್ಟಿತು ಅಂತ ಬೈದುಕೊಂಡೆ. ಲ್ಯಾಪ್‌ಟಾಪ್‌ಗೆ ನುಡಿ ಹಾಕಿರಲಿಲ್ಲ, ಅಷ್ಟೇ.

ಈಗ ಇದನ್ನು ಶುರು ಮಾಡುವ ಕಥೆ. ಇಲ್ಲೇ ಜಾಸ್ತಿ ಜನ ಮುಗ್ಗರಿಸುತ್ತಾರೆ. ವಿಂಡೋಸ್ ಹೋಮ್ ಆವೃತ್ತಿಯಲ್ಲಿ ಈ ಸೌಲಭ್ಯ ಇಲ್ಲವೇ ಇಲ್ಲ. ಪ್ರೊ, ಎಂಟರ್‌ಪ್ರೈಸ್, ಎಜುಕೇಶನ್ ಇವುಗಳಲ್ಲಿ ಮಾತ್ರ. ನಾನು ಲ್ಯಾಪ್‌ಟಾಪ್ ಕೊಂಡ ಅಂಗಡಿಯಲ್ಲಿ ಕೇಳಿದ್ದೆ, "ಇದು ಹೋಮೋ ಪ್ರೊನೋ?" ಅಂತ. "ಸರ್, ಎರಡೂ ಒಂದೇ, ಒಳಗೆ ಸ್ವಲ್ಪ ಸೆಕ್ಯೂರಿಟಿ ವ್ಯತ್ಯಾಸ ಅಷ್ಟೇ" ಅಂದ ಆ ಹುಡುಗ. ನಂಬಿದೆ. ಮನೆಗೆ ಬಂದು ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸಿಂಕ್ ಸೆಂಟರ್ ತೆರೆದರೆ ಅದು ತೆರೆಯುತ್ತದೆ, ಚೆಂದಾಗಿ ಬಾಯಿಬಿಡುತ್ತದೆ, ಆದರೆ ಒಳಗೆ ಆಫ್‌ಲೈನ್ ಫೈಲ್ಸ್ ಶುರು ಮಾಡುವ ಜಾಗವೇ ಇರೋದಿಲ್ಲ. ಅರ್ಧ ದಿನ ಯೂಟ್ಯೂಬ್ ನೋಡಿದೆ. ಕೊನೆಗೆ ದುಡ್ಡು ಕಟ್ಟಿ ಪ್ರೊಗೆ ಬದಲಾಯಿಸಿಕೊಂಡೆ. ಆ ಖರ್ಚನ್ನು ಈ ಸೌಲಭ್ಯದ ಬೆಲೆ ಅಂತಲೇ ಹಿಡಿಯಿರಿ, ಬಿಟ್ಟಿ ಅಂತ ಹೇಳುವವರ ಮಾತು ಪೂರ್ತಿ ನಂಬಬೇಡಿ. ಲ್ಯಾಪ್‌ಟಾಪ್ ಇನ್ನೂ ಕೊಂಡಿಲ್ಲ ಅಂದರೆ ಅಂಗಡಿಯಲ್ಲೇ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ತೆರೆದು ಆವೃತ್ತಿ ಓದಿಕೊಳ್ಳಿ, ಮಾತು ಕೇಳಬೇಡಿ.

ಪ್ರೊ ಇದ್ದರೆ ಮುಂದಿನದು ಸಲೀಸು. ಸಿಂಕ್ ಸೆಂಟರ್‌ನ ಎಡಗಡೆ ಮ್ಯಾನೇಜ್ ಆಫ್‌ಲೈನ್ ಫೈಲ್ಸ್ ಅಂತ ಇರುತ್ತದೆ, ಅದನ್ನು ಒತ್ತಿ ಎನೇಬಲ್ ಮಾಡಿ, ಒಂದು ಸಲ ರೀಸ್ಟಾರ್ಟ್ ಮಾಡಿ. ಆಮೇಲೆ ಝಡ್ ಡ್ರೈವ್‌ನಲ್ಲಿ ಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಆಲ್ವೇಸ್ ಅವೈಲಬಲ್ ಆಫ್‌ಲೈನ್ ಅಂತ ಸಿಗುತ್ತದೆ. ವಿಂಡೋಸ್ 11ರಲ್ಲಿ ಅದು ಮೊದಲ ಮೆನುವಿನಲ್ಲಿ ಕಾಣಲಿಲ್ಲ ಅಂದರೆ ಶೋ ಮೋರ್ ಆಪ್ಷನ್ಸ್ ಒತ್ತಿ ನೋಡಿ, ಹಳೇ ಮೆನು ಅದರ ಹಿಂದೆ ಅಡಗಿ ಕೂತಿರುತ್ತದೆ. ಟಿಕ್ ಮಾಡಿದ ಫೋಲ್ಡರ್ ಮೇಲೆ ಹಸಿರು ಬಣ್ಣದ ಒಂದು ಪುಟ್ಟ ಗುರುತು ಬರುತ್ತದೆ.

ಅಲ್ಲೇ ಇನ್ನೊಂದು ಗುಟ್ಟು. ಇಡೀ ಝಡ್ ಡ್ರೈವ್‌ಗೆ ಟಿಕ್ ಹಾಕಬೇಡಿ. ನಾನು ಹಾಕಿದೆ. ಹಳೇ ಕಟ್ಟಡಗಳ ಫೋಟೊ, ಯಾರೋ ಇಟ್ಟಿದ್ದ ಗೃಹಪ್ರವೇಶದ ವಿಡಿಯೊ, ಎಲ್ಲಾ ಸೇರಿ ಬರಲು ಶುರುವಾಯಿತು. ವೈಫೈ ಮೇಲೆ ಮೂರು ಗಂಟೆ ಕಳೆದರೂ ಮುಗಿಯಲಿಲ್ಲ, ಸಿ ಡ್ರೈವ್ ಕೆಂಪಾಯಿತು. ನಿಲ್ಲಿಸಿ, ಚಾಲ್ತಿ ಕೆಲಸಗಳನ್ನು ಮಾತ್ರ ಒಂದು ಫೋಲ್ಡರ್‌ಗೆ ಸೇರಿಸಿ ಅದಕ್ಕೆ ಚಾಲ್ತಿ ಅಂತಲೇ ಕನ್ನಡದಲ್ಲಿ ಹೆಸರಿಟ್ಟೆವು. ಕನ್ನಡ ಹೆಸರಿನ ಫೈಲುಗಳು ಒಂದೂ ತಕರಾರಿಲ್ಲದೆ ಸಿಂಕ್ ಆಗುತ್ತವೆ, ಆ ಭಯ ಬೇಡ. ಮೊದಲ ಸಲ ಮಾತ್ರ ಕೇಬಲ್ ಹಾಕಿಕೊಂಡು ಮಾಡಿ, ಬೇಗ ಮುಗಿಯುತ್ತದೆ. ಸಿ ಡ್ರೈವ್ ಎಷ್ಟು ತಿನ್ನಬೇಕು ಅನ್ನೋದಕ್ಕೆ ಮಿತಿ ಹಾಕಲು ಅದೇ ಕಿಟಕಿಯಲ್ಲಿ ಡಿಸ್ಕ್ ಯೂಸೇಜ್ ಅಂತ ಜಾಗ ಇದೆ.

ಇನ್ನು ಸೈಟ್‌ನಲ್ಲಿ ಇದರ ನಡತೆ. ಮೊನ್ನೆಯ ಉದಾಹರಣೆಯನ್ನೇ ಕೊಡುತ್ತೇನೆ. ಗೋಡೌನ್‌ಗೆ ಫೂಟಿಂಗ್, ಅಂದರೆ ಕಾಲಂ ಕೆಳಗಿನ ಪಾಯ, ತೋಡಿದ್ದರು. ಮೂರನೇ ಸಾಲಿನಲ್ಲಿ ಎರಡು ಗುಂಡಿ ಕಡೆ ಮಣ್ಣು ಮೆತ್ತಗಿತ್ತು, ಕಪ್ಪು ಮಣ್ಣು, ಹಾರೆ ಹಾಕಿದರೆ ಬೆಣ್ಣೆಯ ಹಾಗೆ ಇಳಿಯುತ್ತಿತ್ತು. ಮೇಸ್ತ್ರಿ ಗುಂಡಿ ಒಳಗಿಂದಲೇ ಕೂಗಿದರು, "ಸಾರ್, ಇಲ್ಲಿ ನಾಲ್ಕಡಿ ಸಾಲಲ್ಲ, ಏನ್ ಮಾಡನ?" ಸಿಮೆಂಟ್ ಮೂಟೆ ಮೇಲೆ ಗೋಣಿ ಹಾಸಿ ಕೂತು ಲ್ಯಾಪ್‌ಟಾಪ್ ತೆರೆದೆ. ಝಡ್ ಡ್ರೈವ್ ಇದೆ. ಚಾಲ್ತಿ ಇದೆ. ಕೆಳಗಡೆ ಸ್ಟೇಟಸ್ ಸಾಲಿನಲ್ಲಿ ಆಫ್‌ಲೈನ್ ಅಂತ ಬರೆದಿತ್ತು, ಅದು ಬಿಟ್ಟರೆ ವಿದ್ಯಾನಗರದಲ್ಲಿ ಕೂತಿದ್ದಕ್ಕೂ ಇದಕ್ಕೂ ವ್ಯತ್ಯಾಸ ಇರಲಿಲ್ಲ. ಫೂಟಿಂಗ್ ಡ್ರಾಯಿಂಗ್ ತೆರೆದೆ, ಎಕ್ಸ್‌ರೆಫ್ ಸಮೇತ ಬಂತು. ಆ ಎರಡನ್ನು ಐದಡಿಗೆ ಹಿಗ್ಗಿಸಿ, ಕಂಬಿ ತಿದ್ದಿ, ಎಸ್ಟಿಮೇಟ್ ಶೀಟ್‌ನಲ್ಲಿ ಕಾಂಕ್ರೀಟ್ ಅಳತೆ ಬದಲಿಸಿದೆ. ಪರದೆಯ ಮೇಲೆ ಕೂತ ಸಿಮೆಂಟ್ ಧೂಳು ಒರೆಸಿ ಮೇಸ್ತ್ರಿಗೆ ತೋರಿಸಿದೆ, ಅವರು ಬೀಡಿ ಕಟ್ಟಿನ ಹಿಂಭಾಗದಲ್ಲಿ ಅಳತೆ ಬರೆದುಕೊಂಡರು. ಸಂಜೆ ಆಫೀಸಿಗೆ ಬಂದು ಲ್ಯಾಪ್‌ಟಾಪ್ ತೆರೆದಿಟ್ಟು ಕೈಕಾಲು ತೊಳೆದು ಬರುವಷ್ಟರಲ್ಲಿ ತಿದ್ದಿದ್ದೆಲ್ಲಾ ಮೂಲೆ ಪಿಸಿಗೆ ಹೋಗಿತ್ತು. ನಾನು ಏನೂ ಒತ್ತಿರಲಿಲ್ಲ. ಈ ಒಂದು ಕಾರಣಕ್ಕೆ ಮೂರು ಅಂಕ.

ನಾನು ಲೆಕ್ಕ ಹಾಕದೇ ಇದ್ದ ಇನ್ನೊಂದು ಲಾಭ ಕರೆಂಟ್ ಹೋದಾಗ ಸಿಕ್ಕಿತು. ಬೇಸಿಗೆಯಲ್ಲಿ ನಮ್ಮ ಯುಪಿಎಸ್ ಹತ್ತು ನಿಮಿಷ ಎಳೆದರೆ ಜಾಸ್ತಿ. ಮೂಲೆ ಪಿಸಿ ಆರಿದರೆ ಮೊದಲೆಲ್ಲಾ ಎಲ್ಲರೂ ಕೈಕಟ್ಟಿ ಕೂರುತ್ತಿದ್ದೆವು, ಅಥವಾ ಕೆಳಗಿನ ಟೀ ಅಂಗಡಿಗೆ ಇಳಿಯುತ್ತಿದ್ದೆವು. ಈಗ ಪಿಸಿ ಆರಿದ ಕೂಡಲೇ ಲ್ಯಾಪ್‌ಟಾಪ್ ತಾನಾಗಿ ಆಫ್‌ಲೈನ್‌ಗೆ ಜಾರುತ್ತದೆ, ಕೆಲಸ ಮುಂದುವರಿಯುತ್ತದೆ. ಕರೆಂಟ್ ಬಂದ ಮೇಲೆ ಸೇರಿಕೊಳ್ಳುತ್ತದೆ. ಟೀಗೆ ಮಾತ್ರ ಈಗ ಬೇರೆ ನೆಪ ಹುಡುಕಬೇಕು.

ಈಗ ಅಂಕ ಕಳೆದ ಕಥೆ.

ಆಫ್‌ಲೈನ್ ಇದ್ದಾಗ ಬೀಗ ಇರೋದಿಲ್ಲ. ಇದು ಚೆನ್ನಾಗಿ ತಲೆಯಲ್ಲಿರಲಿ. ಆಫೀಸಿನಲ್ಲಿ ನಾನು ಒಂದು ಎಕ್ಸೆಲ್ ತೆರೆದಿದ್ದರೆ ಮೇಡಂ ತೆರೆಯಲು ಹೋದಾಗ ಇದು ಬೇರೆಯವರ ಕೈಯಲ್ಲಿದೆ ಅಂತ ಹೇಳುತ್ತದೆ ಅಲ್ವಾ, ಆಟೋಕ್ಯಾಡ್ ಕೂಡ ಪಕ್ಕದಲ್ಲಿ ಒಂದು ಡಿಡಬ್ಲ್ಯೂಎಲ್ ಫೈಲ್ ಇಟ್ಟು ಇದನ್ನೇ ಮಾಡುತ್ತದೆ. ನಾನು ಜಗಳೂರಿನಲ್ಲಿ ತೆರೆದರೆ ಆ ಸುದ್ದಿ ಮೂಲೆ ಪಿಸಿಗೆ ಹೋಗೋದು ಹೇಗೆ? ಹೋಗೋದಿಲ್ಲ. ಹಾಗಾಗಿ ಇಬ್ಬರೂ ಒಂದೇ ಫೈಲನ್ನು ಆರಾಮಾಗಿ ತಿದ್ದಬಹುದು, ಯಾರಿಗೂ ಗೊತ್ತಾಗೋದಿಲ್ಲ, ಸಂಜೆ ತನಕ.

ಚನ್ನಗಿರಿ ಶೆಡ್‌ನ ಎಸ್ಟಿಮೇಟ್‌ನಲ್ಲಿ ಅದೇ ಆಯಿತು. ನಾನು ಅಲ್ಲಿ ಚಾವಣಿ ಶೀಟ್ ಅಳತೆ ತಿದ್ದಿದೆ. ಇಲ್ಲಿ ಮೇಡಂ ಬೆಳಿಗ್ಗೆಯಿಂದ ಕೂತು ಅದೇ ಫೈಲಿನಲ್ಲಿ ಹೊಸ ಕಬ್ಬಿಣದ ರೇಟ್ ಒಂದೊಂದಾಗಿ ಹಾಕಿದ್ದರು. ಸಂಜೆ ಬಂದೆ, ಟಾಸ್ಕ್‌ಬಾರ್‌ನ ಮೂಲೆಯಲ್ಲಿ ಸಿಂಕ್ ಗುರುತಿನ ಮೇಲೆ ಹಳದಿ ಎಚ್ಚರಿಕೆ. ತೆರೆದರೆ ಒಂದು ಕಾನ್‌ಫ್ಲಿಕ್ಟ್, ಅಂದರೆ ಒಂದೇ ಫೈಲ್ ಎರಡು ಕಡೆ ಬೇರೆ ಬೇರೆ ತಿದ್ದಿದ್ದು. ಕ್ಲಿಕ್ ಮಾಡಿದರೆ ಮೂರು ದಾರಿ ತೋರಿಸುತ್ತದೆ: ಲ್ಯಾಪ್‌ಟಾಪ್‌ನ ಪ್ರತಿ ಉಳಿಸಲೋ, ಪಿಸಿಯ ಪ್ರತಿ ಉಳಿಸಲೋ, ಎರಡನ್ನೂ ಇಡಲೋ. ಎರಡರ ದಿನಾಂಕ, ಟೈಮು, ಸೈಜು ಎಲ್ಲಾ ಬರೆದಿರುತ್ತದೆ. ನನಗೆ ಹಸಿವು, ಮನೆಗೆ ಹೋಗುವ ಆತುರ. ನನ್ನದೇ ಹೊಸದು ಅಂತ ಕಂಡಿತು, ಒತ್ತಿಬಿಟ್ಟೆ.

ಮರುದಿನ ಬೆಳಿಗ್ಗೆ ಮೇಡಂ ಕೇಳಿದರು, "ಸರ್, ನಿನ್ನೆ ಮಧ್ಯಾಹ್ನದ ತನಕ ಹಾಕಿದ ರೇಟ್ ಎಲ್ಲಾ ಎಲ್ಲಿಗೆ ಹೋದ್ವು?"

ಅವರ ಅರ್ಧ ದಿನ ನನ್ನ ಒಂದು ಕ್ಲಿಕ್‌ಗೆ ಹೋಗಿತ್ತು. ಮೂಲೆ ಪಿಸಿಯಲ್ಲಿ ಹಳೇ ಪ್ರತಿ ಉಳಿಸುವ ವ್ಯವಸ್ಥೆಯನ್ನೂ ನಾನು ಆನ್ ಮಾಡಿರಲಿಲ್ಲ. ಅವರು ಏನೂ ಹೇಳದೆ ಮತ್ತೆ ಟೈಪ್ ಮಾಡಲು ಕೂತರು, ಅದು ಬೈದಿದ್ದಕ್ಕಿಂತ ಜಾಸ್ತಿ ಉರಿಯಿತು. ಸಂಜೆ ಮಂಡಕ್ಕಿ ಮಿರ್ಚಿ ತರಿಸಿದೆ, ನಾನೇ ತಿಂದೆ.

ಇದರಲ್ಲಿ ವಿಂಡೋಸ್‌ನ ತಪ್ಪು ಎಷ್ಟು? ಅದು ಕೇಳಿತ್ತು. ಸುಮ್ಮನೆ ಒಂದನ್ನು ಅಳಿಸಿಹಾಕಲಿಲ್ಲ. ಆದರೆ ಎರಡು ಎಕ್ಸೆಲ್‌ನ ಒಳಗೆ ಏನು ಬದಲಾಗಿದೆ ಅಂತ ತೋರಿಸುವ ಬುದ್ಧಿ ಅದಕ್ಕಿಲ್ಲ, ಸೇರಿಸುವ ಬುದ್ಧಿಯಂತೂ ಮೊದಲೇ ಇಲ್ಲ. ಅದಕ್ಕೆ ಫೈಲ್ ಅಂದರೆ ಒಂದು ಮುಚ್ಚಿದ ಡಬ್ಬಿ. ಯಾವ ಡಬ್ಬಿ ಬೇಕು ಅಂತ ಕೇಳುತ್ತದೆ, ಅಷ್ಟೇ. ಗೊತ್ತಿಲ್ಲದಿದ್ದರೆ ಯಾವಾಗಲೂ ಎರಡನ್ನೂ ಇಡುವುದನ್ನೇ ಒತ್ತಿ. ಆಗ ಒಂದು ಪ್ರತಿಗೆ ಬೇರೆ ಹೆಸರು ಕೊಟ್ಟು ಎರಡೂ ಉಳಿಯುತ್ತವೆ, ಕೂತು ನಿಧಾನವಾಗಿ ನೋಡಬಹುದು.

ಈಗ ನಮ್ಮ ಬಾಗಿಲ ಪಕ್ಕ ಒಂದು ಸ್ಲೇಟ್ ತೂಗುತ್ತಿದೆ, ನಮ್ಮ ಮಗಳು ಒಂದನೇ ಕ್ಲಾಸಿನಲ್ಲಿ ಬರೆದು ಬಿಟ್ಟಿದ್ದು. ಯಾರು ಯಾವ ಫೋಲ್ಡರ್ ತೆಗೆದುಕೊಂಡು ಹೋಗುತ್ತಾರೋ ಅದರ ಹೆಸರು ಬಳಪದಲ್ಲಿ ಬರೆದು ಹೋಗಬೇಕು. ಸ್ಲೇಟ್ ಮೇಲೆ ಇರುವ ಫೋಲ್ಡರನ್ನು ಉಳಿದವರು ತೆರೆದು ನೋಡಬಹುದು, ಸೇವ್ ಮಾಡುವ ಹಾಗಿಲ್ಲ. ಅಳಿಸುವ ಹಕ್ಕು ಬರೆದವರಿಗೆ ಮಾತ್ರ, ಅದೂ ಸಿಂಕ್ ಆದ ಮೇಲೆ. ಈ ಸ್ಲೇಟ್ ಬಂದ ಮೇಲೆ ಎಂಟು ತಿಂಗಳಲ್ಲಿ ಕಾನ್‌ಫ್ಲಿಕ್ಟ್ ಬಂದಿದ್ದು ಎರಡೇ ಸಲ, ಎರಡೂ ಸಲ ಬರೆಯದೆ ಹೋಗಿದ್ದು ನಾನೇ.

ಇನ್ನೊಂದು ಚಾಳಿ ಹೇಳಲೇಬೇಕು, ಇದು ಜಾಸ್ತಿ ಜನರಿಗೆ ಗೊತ್ತೇ ಇಲ್ಲ. ನೆಟ್‌ವರ್ಕ್ ಪೂರ್ತಿ ಹೋದರೆ ಮಾತ್ರ ಆಫ್‌ಲೈನ್ ಆಗುತ್ತದೆ ಅಂತ ನಾನು ತಿಳಿದಿದ್ದೆ. ಅಲ್ಲ. ನೆಟ್‌ವರ್ಕ್ ನಿಧಾನ ಆದರೂ ಆಗುತ್ತದೆ. ವಿಂಡೋಸ್ 7ರಲ್ಲಿ ಆ ಕಡೆಯಿಂದ ಉತ್ತರ ಬರಲು 80 ಮಿಲಿಸೆಕೆಂಡ್‌ಗಿಂತ ಜಾಸ್ತಿ ಹಿಡಿದರೆ ನಿಧಾನ ಅಂತ ಲೆಕ್ಕ ಇತ್ತು, ವಿಂಡೋಸ್ 8ರಿಂದ ಅದನ್ನು 35ಕ್ಕೆ ಇಳಿಸಿದರು. ಗೋಡೆ ಆಚೆ ಇರುವ ಹಳೇ ರೌಟರ್‌ನ ವೈಫೈ ಒಮ್ಮೊಮ್ಮೆ ಇದನ್ನು ದಾಟಿಬಿಡುತ್ತದೆ. ಆಗ ಸದ್ದಿಲ್ಲದೆ ನೀವು ಲ್ಯಾಪ್‌ಟಾಪ್‌ನ ಪ್ರತಿಯ ಮೇಲೆ ಕೆಲಸ ಮಾಡುತ್ತಿರುತ್ತೀರಿ. ಪಕ್ಕದ ಟೇಬಲ್‌ನಲ್ಲಿರುವ ಮೇಡಂಗೆ ನಿಮ್ಮ ತಿದ್ದುಪಡಿ ಕಾಣೋದಿಲ್ಲ, ಅವರದ್ದು ನಿಮಗೆ ಕಾಣೋದಿಲ್ಲ. ಆ ಸ್ಥಿತಿಯಲ್ಲಿ ಹಿನ್ನೆಲೆಯಲ್ಲಿ ಸಿಂಕ್ ಆಗೋದು ಮೊದಲು ಆರು ಗಂಟೆಗೊಮ್ಮೆ ಇತ್ತು, ವಿಂಡೋಸ್ 8ರಿಂದ ಎರಡು ಗಂಟೆಗೊಮ್ಮೆ, ಅದರ ಮೇಲೆ ಒಂದು ಗಂಟೆವರೆಗೂ ತಡ ಆಗಬಹುದು. ಒಂದೇ ರೂಮಿನಲ್ಲಿ ಕೂತು "ನಾನು ಸೇವ್ ಮಾಡಿದೀನಲ್ರೀ", "ಇಲ್ಲಿ ಬಂದೇ ಇಲ್ಲ ಸರ್" ಅಂತ ಜಗಳ ಆಡಿದ್ದೇವೆ. ಎಕ್ಸ್‌ಪ್ಲೋರರ್‌ನ ಕೆಳಗಿನ ಸಾಲಿನಲ್ಲಿ ಆಫ್‌ಲೈನ್, ಸ್ಲೋ ಕನೆಕ್ಷನ್ ಅಂತ ಚಿಕ್ಕ ಅಕ್ಷರದಲ್ಲಿ ಬರೆದಿರುತ್ತದೆ, ಅಲ್ಲಿಗೆ ಕಣ್ಣು ಹೋಗಬೇಕಲ್ಲ. ಈಗ ಆಫೀಸಿನಲ್ಲಿ ಲ್ಯಾಪ್‌ಟಾಪ್‌ಗೆ ಕೇಬಲ್ಲೇ ಹಾಕುತ್ತೇವೆ. ಮೂವತ್ತು ಅಡಿ ವೈರ್‌ಗೆ ಮುಗಿಯಿತು ಜಗಳ.

ಸಿಂಕ್ ಆಗದೇ ಉಳಿಯಲು ಇನ್ನೊಂದು ಕಾರಣ ಫೈಲ್ ತೆರೆದೇ ಇಟ್ಟಿರೋದು. ಯಾರಾದರೂ ಆ ಡ್ರಾಯಿಂಗ್ ತೆರೆದಿಟ್ಟು ಊಟಕ್ಕೆ ಹೋಗಿದ್ದರೆ ಸಿಂಕ್ ಸೆಂಟರ್ ಬೇರೆಯವರು ಬಳಸುತ್ತಿದ್ದಾರೆ ಅಂತ ಎರರ್ ಕೊಟ್ಟು ಬಿಟ್ಟುಬಿಡುತ್ತದೆ. ನಾನು ಶೆಡ್ಯೂಲ್‌ನಲ್ಲಿ ಲಾಗಿನ್ ಆದಾಗ ಒಂದು ಸಲ, ಕಂಪ್ಯೂಟರ್ ಲಾಕ್ ಮಾಡಿದಾಗ ಒಂದು ಸಲ ಸಿಂಕ್ ಆಗಲಿ ಅಂತ ಇಟ್ಟಿದ್ದೇನೆ. ಊಟಕ್ಕೆ ಏಳುವಾಗ ಫೈಲ್ ಮುಚ್ಚಿ, ವಿಂಡೋಸ್ ಕೀ ಜೊತೆ ಎಲ್ ಒತ್ತಿ ಏಳೋದು ಈಗ ರೂಢಿ.

ಯಾವುದನ್ನು ಇದರಲ್ಲಿ ಇಡಬಾರದು ಅನ್ನೋದೂ ಅಷ್ಟೇ ಮುಖ್ಯ. ಲೆಕ್ಕ ಇಡುವ ಟ್ಯಾಲಿ ಡೇಟಾ ಬೇಡವೇ ಬೇಡ. ಒಂದು ಕಂಪನಿಯ ಡೇಟಾ ಅಂದರೆ ಅಲ್ಲಿ ಒಂದು ಫೈಲ್ ಅಲ್ಲ, ಒಂದು ಫೋಲ್ಡರ್ ತುಂಬಾ ಫೈಲು, ಎಲ್ಲಾ ಒಂದಕ್ಕೊಂದು ಹೊಂದಿಕೊಂಡಿರಬೇಕು. ಎರಡು ಕಡೆ ಎಂಟ್ರಿ ಆಗಿ ಅರ್ಧ ಇಲ್ಲಿಂದ, ಅರ್ಧ ಅಲ್ಲಿಂದ ಸೇರಿದರೆ ಲೆಕ್ಕ ನೋಡುವವರು ನಿಮ್ಮನ್ನು ಜೀವಸಹಿತ ಬಿಡೋದಿಲ್ಲ. ಆಕ್ಸೆಸ್ ಡೇಟಾಬೇಸ್‌ಗೂ ಇದೇ ಮಾತು. ಔಟ್‌ಲುಕ್‌ನ ಮೇಲ್ ಕೂಡಿಡುವ ಪಿಎಸ್‌ಟಿ ಫೈಲನ್ನಂತೂ ನೆಟ್‌ವರ್ಕ್ ಫೋಲ್ಡರ್‌ನಲ್ಲಿ ಇಡುವುದಕ್ಕೇ ಬೆಂಬಲ ಇಲ್ಲ ಅಂತ ಮೈಕ್ರೋಸಾಫ್ಟ್ ಹೇಳಿದೆ. ಡ್ರಾಯಿಂಗ್, ಎಕ್ಸೆಲ್, ವರ್ಡ್, ಪಿಡಿಎಫ್, ಫೋಟೊ, ಇಂಥ ಬಿಡಿ ಫೈಲುಗಳಿಗೆ ಮಾತ್ರ ಇದು ಒಗ್ಗುತ್ತದೆ.

ಇದನ್ನು ಬ್ಯಾಕಪ್ ಅಂತ ತಿಳಿಯುವವರೂ ಇದ್ದಾರೆ. ನಮ್ಮ ಸೈಟ್ ಹುಡುಗ "ಎರಡು ಕಡೆ ಇದೆಯಲ್ಲ ಸರ್, ಇನ್ನೇನು" ಅಂದಿದ್ದ. ಸೈಟ್‌ನಲ್ಲಿ ನೀವು ಒಂದು ಫೈಲ್ ಅಳಿಸಿದರೆ ಸಂಜೆ ಅದು ಆಫೀಸಿನಲ್ಲೂ ನಿಷ್ಠೆಯಿಂದ ಅಳಿಸಿಹೋಗುತ್ತದೆ. ನಮ್ಮ ಬ್ಯಾಕಪ್ ಬೇರೆ ಹಾರ್ಡ್ ಡಿಸ್ಕ್‌ಗೆ, ಶನಿವಾರ ಶನಿವಾರ.

ಮೂಲೆ ಪಿಸಿಯ ಹೆಸರು ಬದಲಿಸುವ ಮುಂಚೆಯೂ ಯೋಚಿಸಿ. ಲ್ಯಾಪ್‌ಟಾಪ್‌ನಲ್ಲಿರುವ ಪ್ರತಿಗೆ ಆ ಹೆಸರೇ ವಿಳಾಸ. ಹೆಸರು ಬದಲಾದರೆ ಅದು ಬೇರೆ ಮನೆ ಅಂತ ತಿಳಿಯುತ್ತದೆ, ಹಳೇ ವಿಳಾಸದಲ್ಲಿ ಇನ್ನೂ ಸಿಂಕ್ ಆಗದೇ ಇದ್ದ ತಿದ್ದುಪಡಿಗಳು ಅಲ್ಲೇ ಅನಾಥವಾಗಿ ಕೂರುತ್ತವೆ. ಐಪಿ ನಂಬರ್ ಹಾಕಿ ಜೋಡಿಸಿದ್ದರೆ ನಂಬರ್ ಬದಲಾದ ದಿನ ಇದೇ ಪಾಡು. ಹೆಸರಿನಿಂದಲೇ ಜೋಡಿಸಿ, ಬದಲಿಸಲೇಬೇಕಾದರೆ ಮೊದಲು ಎಲ್ಲಾ ಲ್ಯಾಪ್‌ಟಾಪ್ ತಂದು ಸಿಂಕ್ ಮಾಡಿ ಆಮೇಲೆ ಬದಲಿಸಿ.

ಹೊಸ ಲ್ಯಾಪ್‌ಟಾಪ್ ತರುವವರಿಗೆ ಇನ್ನೊಂದು ಮಾತು. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪ್ರೊನಲ್ಲಿ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಶೇರ್‌ಗೆ ಸಂಪರ್ಕವನ್ನು ಮುಚ್ಚಿದ್ದಾರೆ. ನಮ್ಮ ಮೂಲೆ ಪಿಸಿಯಲ್ಲಿ ಯಾರು ಬೇಕಾದರೂ ಬರಲಿ ಅಂತ ಬಾಗಿಲು ತೆರೆದಿಟ್ಟಿದ್ದೆವು, ಹೊಸ ಲ್ಯಾಪ್‌ಟಾಪ್ ಒಳಗೆ ಹೋಗಲು ಒಪ್ಪಲಿಲ್ಲ. ಸರಿಯಾದ ದಾರಿ ಅಂದರೆ ಪಿಸಿಯಲ್ಲಿ ಒಂದು ಬಳಕೆದಾರ ಖಾತೆ ಮಾಡಿ ಪಾಸ್‌ವರ್ಡ್ ಇಟ್ಟು, ಲ್ಯಾಪ್‌ಟಾಪ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಅದನ್ನು ಉಳಿಸೋದು. ಹತ್ತು ನಿಮಿಷದ ಕೆಲಸ. ಕೆಲವರು ವಿಂಡೋಸ್ ಒಳಗಿನ ಸೆಟ್ಟಿಂಗ್ ಇರುವ ರಿಜಿಸ್ಟ್ರಿ ತಿದ್ದಿ ಹಳೇ ಗೆಸ್ಟ್ ದಾರಿಯನ್ನೇ ತೆರೆಯಲು ಹೇಳುತ್ತಾರೆ, ಆ ಗೋಜಿಗೆ ಹೋಗಬೇಡಿ. ಗಿರಾಕಿಗಳ ಆಸ್ತಿ ಪತ್ರ ಎಲ್ಲಾ ಅದರಲ್ಲೇ ಇರುತ್ತದೆ, ಬಾಗಿಲಿಗೆ ಬೀಗ ಇರಲಿ.

ಬೇರೆ ದಾರಿಗಳನ್ನೂ ನೋಡಿದ್ದೇನೆ. ಒನ್‌ಡ್ರೈವ್‌ನಲ್ಲೂ ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್ ಅಂತ ಇದೆ, ಹಸಿರು ದುಂಡು ಒಳಗೆ ಬಿಳಿ ಟಿಕ್ ಬಂದರೆ ಫೈಲ್ ನಿಮ್ಮ ಹತ್ತಿರ ಇದೆ ಅಂತ ಅರ್ಥ, ಹೋಮ್ ಆವೃತ್ತಿಯಲ್ಲೂ ನಡೆಯುತ್ತದೆ. ಆದರೆ ಬಿಟ್ಟಿ ಸಿಗೋದು 5 ಜಿಬಿ, ಗೂಗಲ್ ಡ್ರೈವ್‌ನಲ್ಲಿ 15 ಜಿಬಿ, ನಮ್ಮ ಚಾಲ್ತಿ ಫೋಲ್ಡರೇ ಅದಕ್ಕಿಂತ ದೊಡ್ಡದು. ಅದೂ ಅಲ್ಲದೆ ಪಕ್ಕದ ಟೇಬಲ್‌ಗೆ ಫೈಲ್ ಕೊಡಲು ಇಂಟರ್‌ನೆಟ್ ದಾಟಿ ಹೋಗಿ ಬರಬೇಕು. ಸಿಂಕ್‌ಥಿಂಗ್ ಅನ್ನೋದು ನನಗೆ ನಿಜಕ್ಕೂ ಹಿಡಿಸಿತು. ಬಿಟ್ಟಿ, ಕೋಡ್ ತೆರೆದಿದೆ, ಕ್ಲೌಡ್ ಬೇಕಿಲ್ಲ, ಹೋಮ್‌ನಲ್ಲೂ ಓಡುತ್ತದೆ. ಎರಡು ಕಡೆ ತಿದ್ದಿದರೆ ಕೇಳುವ ಗೋಜಿಲ್ಲದೆ ಒಂದು ಪ್ರತಿಯ ಹೆಸರಿಗೆ ಸಿಂಕ್ ಕಾನ್‌ಫ್ಲಿಕ್ಟ್ ಅಂತ ದಿನಾಂಕ ಸಮೇತ ಸೇರಿಸಿ ಎರಡನ್ನೂ ಇಡುತ್ತದೆ, ನನ್ನಂಥ ಹಸಿದ ಮನುಷ್ಯನಿಗೆ ಇದೇ ಸುರಕ್ಷಿತ. ಆದರೆ ಅದರಲ್ಲಿ ಪ್ರತಿ ಕಂಪ್ಯೂಟರ್‌ನಲ್ಲೂ ಬೇರೆ ಫೋಲ್ಡರ್ ಇರುತ್ತದೆ, ಝಡ್ ಡ್ರೈವ್‌ನ ಅದೇ ದಾರಿ ಇರೋದಿಲ್ಲ, ನಮ್ಮ ಹಳೇ ಎಕ್ಸ್‌ರೆಫ್‌ಗಳು ಮತ್ತೆ ಕಳಚಿಕೊಂಡವು. ಎಲ್ಲಾ ಡ್ರಾಯಿಂಗ್ ಕೂತು ಸರಿಮಾಡುವ ತಾಳ್ಮೆ ಇದ್ದರೆ ಅದಕ್ಕೇ ಹೋಗಿ. ಫೈಲ್ ನಕಲು ಮಾಡುವ ವಿಂಡೋಸ್ ಕಮಾಂಡ್ ರೋಬೋಕಾಪಿ ಗೊತ್ತಿರುವವರು ಬ್ಯಾಚ್ ಫೈಲ್ ಬರೆದುಕೊಳ್ಳಬಹುದು, ಆದರೆ ಎಂಐಆರ್ ಅನ್ನುವ ಆಯ್ಕೆಯನ್ನು ತಿಳಿಯದೆ ಹಾಕಬೇಡಿ, ಮೂಲದಲ್ಲಿ ಇಲ್ಲದ್ದನ್ನೆಲ್ಲಾ ಆ ಕಡೆ ಗುಡಿಸಿ ಹಾಕುತ್ತದೆ.

ಹೊರಡುವ ಮುಂಚೆ ನಾನು ಒಂದು ಪರೀಕ್ಷೆ ಮಾಡುತ್ತೇನೆ, ನೀವೂ ಮಾಡಿ. ಸಿಂಕ್ ಮುಗಿದ ಮೇಲೆ ಆಫೀಸಿನಲ್ಲೇ ಕೇಬಲ್ ಕಿತ್ತು ವೈಫೈ ಆರಿಸಿ, ಆವತ್ತು ಬೇಕಾದ ಒಂದು ಡ್ರಾಯಿಂಗ್ ಮತ್ತು ಒಂದು ಎಸ್ಟಿಮೇಟ್ ತೆರೆದು ನೋಡಿ. ಹಸಿರು ಗುರುತು ಇದೆ ಅಂತ ನಂಬಿ ಹೊರಡಬೇಡಿ. ತೆರೆದರೆ ಬ್ಯಾಗಿಗೆ ಹಾಕಿ, ಇಲ್ಲದಿದ್ದರೆ ಮತ್ತೆ ಕೇಬಲ್ ಚುಚ್ಚಿ. ಎರಡು ನಿಮಿಷ ಹಿಡಿಯುತ್ತದೆ, ಅರ್ಧ ದಾರಿಯಿಂದ ಬೈಕ್ ತಿರುಗಿಸಿಕೊಂಡು ಬರೋದಕ್ಕಿಂತ ಮೇಲು.

ಸೈಟ್ ಹುಡುಗನ ಲ್ಯಾಪ್‌ಟಾಪ್ ಇನ್ನೂ ಹೋಮ್ ಆವೃತ್ತಿ. ಅವನ ಬೈಕ್ ಕೀ ಗೊಂಚಲಿನಲ್ಲಿ ಹಳೇ ಪೆನ್‌ಡ್ರೈವ್ ಇನ್ನೂ ನೇತಾಡುತ್ತಿದೆ. ನಿನ್ನೆ ಸಂಜೆ ಝಡ್ ಡ್ರೈವ್‌ನಲ್ಲಿ ಸಂತೇಬೆನ್ನೂರು ಮನೆ ಫೈನಲ್ 3 ಅಂತ ಒಂದು ಫೈಲ್ ಕಂಡಿತು. ಸ್ಲೇಟ್ ನೋಡಿದೆ, ಏನೂ ಬರೆದಿರಲಿಲ್ಲ.